ಬಾಣಂತಿಯ ಎಣ್ಣೆ, ಕುದುರೆಯ ಬೆನ್ನು

ನನ್ನ ಮಗಳು ಹುಟ್ಟಿದ ಮಳೆಗಾಲದಲ್ಲಿ ನಮ್ಮ ಊರಿಗೆ ದಾರಿ ಇರಲಿಲ್ಲ. ಹಳೆಯ ದಾರಿ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು. ಹೊಸದಕ್ಕೆಂದು ಅಲ್ಲಲ್ಲಿ ಕಲ್ಲು ಸುರಿದು ಹೋಗಿದ್ದರು, ಹಾಸಿರಲಿಲ್ಲ. ಡಾಂಬರು ರಸ್ತೆ ಮುಟ್ಟಬೇಕೆಂದರೆ ಎರಿಹೊಲಗಳ ಬದುವಿನ ಮೇಲೆ ಹೋಗಬೇಕು. ಬೇಸಿಗೆಯಲ್ಲಿ ಅದು ದೊಡ್ಡ ಮಾತಲ್ಲ. ಮಳೆ ಬಿದ್ದರೆ ಮಾತ್ರ ಆ ಕರಿ ಮಣ್ಣು ಮನುಷ್ಯನ ಕಾಲನ್ನೂ ಬಿಡುವುದಿಲ್ಲ, ಟ್ರ್ಯಾಕ್ಟರಿನ ಗಾಲಿಯನ್ನೂ ಬಿಡುವುದಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನಗೆ ತವರೂರೇ ಉಳಿದಿರಲಿಲ್ಲ. ಅದು ಪೂರ್ತಿ ನೀರಿನೊಳಗೆ ಹೋಗಿತ್ತು. ಅಪ್ಪ ಬನಹಟ್ಟಿಗೆ ಹೋಗಿ ಪವರ್‌ಲೂಮಿನ ಕೆಲಸಕ್ಕೆ ಸೇರಿಕೊಂಡಿದ್ದ. ಅವರು ಹಿಡಿದ ಬಾಡಿಗೆ ಖೋಲಿಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆ ಸಪ್ಪಳದಲ್ಲಿ ಹಸುಗೂಸು ಹೇಗೆ ಮಲಗುತ್ತದೆ ಎಂದು ಅವ್ವ ಯೋಚಿಸಿ, ನನ್ನನ್ನು ಕರೆದುಕೊಂಡು ಹೋಗುವ ಬದಲು ತಾನೇ ನನ್ನ ಗಂಡನ ಮನೆಗೆ ಬಂದು ಉಳಿದಳು.

ಆ ಮನೆಯಲ್ಲಿ ಬೇರೆ ಹೆಂಗಸರು ಇರಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಇದ್ದವರು ನನ್ನ ಗಂಡ ಮತ್ತು ಮಾವ. ಮಾವನದು ಕುರಿಯ ಬದುಕು. ಹಿಂಡು ಊರಿನ ಮೇಲಿನ ಮರಡಿ ಗುಡ್ಡದಲ್ಲಿ ಮೇಯುತ್ತಿತ್ತು. ಕಾಯುವ ಜನ ಅಲ್ಲೇ ಹಟ್ಟಿ ಹಾಕಿಕೊಂಡಿದ್ದರು. ಮಾವನ ಮೊಣಕಾಲು ಆಗಲೇ ಸೋತಿದ್ದವು. ದಿನಾ ಬೆಳಿಗ್ಗೆ ಕುದುರೆ ಏರಿ ಹಟ್ಟಿಗೆ ಹೋಗಿ, ಬಿಸಿಲು ಇಳಿದ ಮೇಲೆ ಮರಳುತ್ತಿದ್ದರು. ಕಂದು ಬಣ್ಣದ ಹೆಣ್ಣು ಕುದುರೆ ಅದು, ಹಣೆಯ ಮೇಲೆ ಬಿಳಿ ಚುಕ್ಕೆ. ಬಹಳ ಎತ್ತರದ್ದೇನಲ್ಲ, ಆದರೆ ನಡಿಗೆ ಎಷ್ಟು ಹದವಾಗಿತ್ತೆಂದರೆ ಮಾವ ಅದರ ಮೇಲೆ ಕೂತೇ ಎಲೆ ಅಡಿಕೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿ ಅವರು ಮಾತಾಡುತ್ತಿದ್ದದ್ದು ಕಡಿಮೆ. ನನ್ನೊಂದಿಗಂತೂ ಇಲ್ಲವೇ ಇಲ್ಲ. ಸೊಸೆ ಮಾವನೆದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ರೊಟ್ಟಿಯ ತಾಟನ್ನು ಪಡಸಾಲೆಯ ಹೊಸ್ತಿಲ ಮೇಲೆ ಇಟ್ಟು ನಾನು ಒಳಗೆ ಸರಿಯುತ್ತಿದ್ದೆ. ಅವರ ದನಿ ನನಗೆ ಹೆಚ್ಚಾಗಿ ಕೇಳಿಸುತ್ತಿದ್ದದ್ದು ಕುದುರೆಯ ಹತ್ತಿರ. "ಬಾ ನಮ್ಮವ್ವ, ನೀರ ಕುಡಿ," ಎಂದು ಅದನ್ನು ಮಾತಾಡಿಸುವುದನ್ನು ಒಳಗಿನಿಂದ ಕೇಳುತ್ತಿದ್ದೆ.

ನನಗೆ ಬ್ಯಾನೆ ಶುರುವಾದದ್ದು ಒಂದು ಮಧ್ಯಾಹ್ನ, ಜಡಿಮಳೆಯಲ್ಲಿ. ದಿನ ತುಂಬಲು ಇನ್ನೂ ಸ್ವಲ್ಪ ಇತ್ತು. ಊರಿನ ಸೂಲಗಿತ್ತಿ ಬಂದು ನೋಡಿ, ಕೂಸು ಅಡ್ಡ ಇದೆ, ತನ್ನ ಕೈಯಲ್ಲಿ ಆಗುವ ಕೆಲಸವಲ್ಲ, ದವಾಖಾನೆಗೆ ಒಯ್ಯಿರಿ ಎಂದು ನೇರವಾಗಿ ಹೇಳಿಬಿಟ್ಟಳು. ನನ್ನ ಗಂಡ ಪಕ್ಕದವರ ಟ್ರ್ಯಾಕ್ಟರ್ ತಂದ. ಅದು ಊರಿನ ಅಗಸಿ ಬಾಗಿಲು ದಾಟಿ ಹೊಲದಲ್ಲಿ ಹೂತುಕೊಂಡಿತು. ಟ್ರೇಲರಿನಲ್ಲಿ ಹಾಸಿದ ಕಂಬಳಿಯ ಮೇಲೆ ನಾನು ನೋವು ತಿನ್ನುತ್ತ ಮಲಗಿದ್ದೆ, ಅವ್ವ ನನ್ನ ಮೇಲೆ ತಾಡಪಾಲು ಹಿಡಿದಿದ್ದಳು. ಅಷ್ಟರಲ್ಲಿ ಮಾವ ಕುದುರೆಯನ್ನು ಹಿಡಿದುಕೊಂಡು ಬಂದರು. ಯಾರೂ ಕರೆದಿರಲಿಲ್ಲ.

"ಏರಸ್ರಿ ಆಕಿನ್ನ," ಎಂದರು.

ಎತ್ತಿ ಕೂರಿಸಿದರು. ಮಾವ ಲಗಾಮು ಹಿಡಿದು ಮುಂದೆ, ಗಂಡ ಪಕ್ಕದಲ್ಲಿ ನನ್ನ ಸೊಂಟಕ್ಕೆ ಕೈ ಆನಿಸಿ ನಡೆದ. ಅವ್ವ ಹಿಂದೆ ಬಂದಳು. ಸ್ವಲ್ಪ ದೂರ ಹಾಗೇ ಹೋದೆವು. ಆಮೇಲೆ ಬ್ಯಾನೆ ಜೋರಾಯಿತು. ಜೀನಿನ ಮುಂದಿನ ಗುಬುಟು ಹಿಡಿದಿದ್ದ ನನ್ನ ಕೈ ಬಿಟ್ಟು ಬಿಟ್ಟು ಹೋಗುತ್ತಿತ್ತು. ಕಣ್ಣಿಗೆ ಕತ್ತಲೆ ಬಂತು.

"ಹಿಂದ ಏರ್ರಿ, ನನ್ನ ಹಿಡೀರಿ. ಬೀಳ್ತೇನಿ ನಾ," ಎಂದು ನಾನೇ ಗಂಡನಿಗೆ ಹೇಳಿದೆ.

ಅವನು ಮಾವನ ಮುಖ ನೋಡಿದ. ಮಾವ ಹೂಂ ಎಂದು ತಲೆ ಆಡಿಸಿದರು. ಗಂಡ ನನ್ನ ಹಿಂದೆ ಏರಿದ. ಅವನದು ದೊಡ್ಡ ಮೈ. ಜೀನಿನಲ್ಲಿ ಇಬ್ಬರಿಗೆ ಜಾಗವಿಲ್ಲ. ಅವನು ಕುದುರೆಯ ನಡುವಿನ ಮೇಲೆ, ಎಲುಬಿನ ಆಸರೆ ಇಲ್ಲದ ಮೆತ್ತಗಿನ ಜಾಗದಲ್ಲಿ ಕೂತು ನನ್ನನ್ನು ಎದೆಗೆ ಒತ್ತಿ ಹಿಡಿದ. ತುಂಬಿದ ಬಸುರಿ ಒಬ್ಬಳು, ಗಂಡಸೊಬ್ಬ, ಕೆಳಗೆ ಮೊಣಕಾಲುದ್ದ ಕೆಸರು. ಪ್ರತಿ ಹೆಜ್ಜೆಗೂ ಅದು ಹಿಂಗಾಲನ್ನು ಮಣ್ಣಿನಿಂದ ಕಿತ್ತೆತ್ತುವಾಗ ಅದರ ಬೆನ್ನು ನಮ್ಮ ಕೆಳಗೆ ನಡುಗುತ್ತಿತ್ತು. ಆ ನಡುಕ ನನ್ನ ತೊಡೆಗೆ ತಿಳಿಯುತ್ತಿತ್ತು. ನನ್ನದೇ ನಡುಕ ಎಂದುಕೊಂಡಿದ್ದೆ.

ಡಾಂಬರು ರಸ್ತೆಯಲ್ಲಿ ಜೀಪು ಸಿಕ್ಕಿತು. ಬೀಳಗಿಯ ದವಾಖಾನೆಯಲ್ಲಿ ಕತ್ತಲಾಗುವ ಮೊದಲು ಮಗಳು ಹುಟ್ಟಿದಳು. ಸ್ವಲ್ಪ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದು ಅಲ್ಲಿಯ ನರ್ಸಬಾಯಿ ಅವ್ವನಿಗೆ ಹೇಳಿದ್ದಳಂತೆ.

ಮಳೆ ಬಿಟ್ಟು ನೆಲ ಆರಿದ ಮೇಲೆ ಕೂಸಿನೊಂದಿಗೆ ಮನೆಗೆ ಬಂದೆ. ಬಾಣಂತಿ ಖೋಲಿಯ ಕಿಟಕಿ ಹಿತ್ತಿಲ ಕಡೆಗಿತ್ತು. ಅಲ್ಲಿ ಬೇವಿನ ಗಿಡದ ಕೆಳಗೆ ಕುದುರೆ ಕಟ್ಟಿರುತ್ತಿತ್ತು. ಬಂದ ಮರುದಿನವೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಮಾವ ಬೆಳಿಗ್ಗೆ ಕೋಲು ಊರಿಕೊಂಡು, ಬುತ್ತಿ ಹೆಗಲಿಗೆ ಹಾಕಿಕೊಂಡು ಹಟ್ಟಿಗೆ ನಡೆದುಕೊಂಡು ಹೋದರು. ಕುದುರೆ ಗಿಡದ ಕೆಳಗೇ ಇತ್ತು. ಮೊದಲು ದಿನಕ್ಕೊಮ್ಮೆ ಬೂದಿಮಣ್ಣಿನಲ್ಲಿ ಬಿದ್ದು ಹೊರಳುತ್ತಿತ್ತು, ಈಗ ಅದೂ ಇಲ್ಲ. ನೊಣ ಕೂತರೆ ಬಾಲವನ್ನು ಅರ್ಧಕ್ಕೇ ಬೀಸಿ ಬಿಡುತ್ತಿತ್ತು. ಹಿಂಗಾಲು ಮುಂದಿಡುವಾಗ ಗೇಣಷ್ಟೇ ಇಡುತ್ತಿತ್ತು.

"ಕುದರಿಗೆ ಏನಾಗೇತಿ?" ಎಂದು ಗಂಡನನ್ನು ಕೇಳಿದೆ.

"ಡುಬ್ಬಾ ಹಿಡದೈತಿ, ಬೆನ್ನ ಬಿಗದೈತಿ. ಜೀನ ಇಟ್ರ ಕೆಳಗ ಕುಸೀತೈತಿ, ಕಡೀಲಿಕ್ಕೆ ಬರ್ತೈತಿ. ಆರಾಮ ಆಕ್ಕೈತಿ ಬಿಡು."

"ಅವತ್ತಿಂದನಾ?"

ಅವನು ಬಗ್ಗಿ ಕೂಸಿನ ಹೊದಿಕೆ ಸರಿಮಾಡತೊಡಗಿದ. ಉತ್ತರ ಸಿಕ್ಕಿತು.

ಅವ್ವ ಬೆಳಿಗ್ಗೆ ಸಂಜೆ ನನಗೆ ಎಣ್ಣೆ ತಿಕ್ಕುತ್ತಿದ್ದಳು. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಸಿ, ಬೋರಲು ಮಲಗಿಸಿ, ಬೆನ್ನುಹುರಿಯ ಎರಡೂ ಬದಿಗೆ ಅಂಗೈಯಿಂದ ಒತ್ತುತ್ತ ಕೆಳಗಿನಿಂದ ಮೇಲೆ ಬರುತ್ತಿದ್ದಳು. ನಂತರ ಲಕ್ಕಿ ಗಿಡದ ತಪ್ಪಲು ಹಾಕಿ ಕುದಿಸಿದ ನೀರಿನ ಸ್ನಾನ, ಶೇಗಡಿಯ ಕೆಂಡದ ಕಾವು, ಬನಹಟ್ಟಿಯಿಂದ ತಂದ ಹಳೆಯ ಸೀರೆಯಲ್ಲಿ ನಡುಕಟ್ಟು. ನನ್ನ ಬೆನ್ನು ದಿನದಿನಕ್ಕೆ ಹಗುರಾಗುತ್ತಿತ್ತು. ಸುಖದಿಂದ ಕಣ್ಣು ಮುಚ್ಚಿಕೊಂಡು ಬರುವ ಹೊತ್ತಿಗೆ ಕಿಟಕಿಯಾಚೆ ಕುದುರೆಯ ಗೊರಸಿನ ಸಪ್ಪಳ ಕೇಳಿಸುತ್ತಿತ್ತು. ಅದು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತಿತ್ತು. ನನಗೆ ಕಣ್ಣು ತೆರೆಯುತ್ತಿತ್ತು. ನನ್ನ ಬೆನ್ನು ತಿಕ್ಕಲು ಅವ್ವ ಇದ್ದಾಳೆ, ನನ್ನನ್ನು ಹೊತ್ತ ಬೆನ್ನು ತಿಕ್ಕಲು ಯಾರಿದ್ದಾರೆ?

ತೊಟ್ಟಿಲಿಗೆ ಹಾಕುವ ದಿನ ಆ ಕಸಿವಿಸಿ ಇನ್ನೂ ಹೆಚ್ಚಾಯಿತು. ಬಂದ ಹೆಂಗಸರೆಲ್ಲ ಮಗಳನ್ನು ನೋಡಿ "ಕುದರಿ ಏರಿ ಬಂದಾಕಿ" ಎಂದು ಮುದ್ದು ಮಾಡಿದರು. ಒಬ್ಬಾಕೆಯಂತೂ, "ಆ ಕುದರಿ ಇಲ್ಲಂದ್ರ ಇವತ್ತ ಈ ಮನ್ಯಾಗ ತೊಟ್ಟಲಾ ಎಲ್ಲಿತ್ತು?" ಎಂದಳು. ಎಲ್ಲರೂ ಹೌದೆಂದರು. ಹೋಳಿಗೆ ಉಂಡರು. ಹಿತ್ತಿಲಿಗೆ ಹೋಗಿ ಅದರ ಮುಂದೆ ಒಂದು ಹಿಡಿ ಕಡಲೆ ಹಾಕಿದವರು ಯಾರೂ ಇಲ್ಲ. ನಾನೂ ಹೋಗಲಿಲ್ಲ, ಬಾಣಂತಿ ಗಾಳಿಗೆ ಹೋಗಬಾರದಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮಾವ. ಕುದುರೆಯನ್ನು ಅಷ್ಟು ಪ್ರೀತಿಸಿದ ಮನುಷ್ಯ ಅದರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು. ಮೇವು ದೂರದಿಂದಲೇ ಒಗೆಯುತ್ತಿದ್ದರು, ನೀರಿನ ಬಕೀಟು ಇಟ್ಟು ತಿರುಗಿ ಬರುತ್ತಿದ್ದರು. ಮಾತಿಲ್ಲ. ಸಂಜೆ ಹಟ್ಟಿಯಿಂದ ಬಂದು ಕಟ್ಟೆಯ ಮೇಲೆ ಕೂತು ಮೊಣಕಾಲು ಹಿಸುಕಿಕೊಳ್ಳುತ್ತಿದ್ದರು. ಸೊಸೆಯಿಂದಾಗಿ ತನ್ನ ಕುದುರೆ ಹಾಳಾಯಿತು, ತನ್ನ ಕಾಲು ಹೋಯಿತು ಎಂಬ ಸಂಕಟ ಅವರಿಗಿದೆ, ದೊಡ್ಡ ಮನುಷ್ಯ, ಬಾಯಿ ಬಿಟ್ಟು ಹೇಳುತ್ತಿಲ್ಲ, ಎಂದು ನಾನು ತಿಳಿದೆ. ಬಾಗಿಲ ಸಂದಿಯಿಂದ ಅವರ ಮೊಣಕಾಲಿನ ಬಾವು ಕಂಡರೆ ಒಳಗೆ ಸರಿದುಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಅವ್ವ ನನಗೆ ನೀರು ಹಾಕಿ ಮುಗಿಸಿದಾಗ ಹಂಡೆಯಲ್ಲಿ ಇನ್ನೂ ಬಿಸಿನೀರು ಉಳಿದಿತ್ತು. ಮಾವ, ಗಂಡ ಇಬ್ಬರೂ ಹೊರಗೆ ಹೋಗಿದ್ದರು. ನಾನು ತಲೆಗೆ ಅರಿವೆ ಕಟ್ಟಿಕೊಂಡು, ಬಿಂದಿಗೆಯಲ್ಲಿ ಆ ನೀರು ತುಂಬಿಕೊಂಡು ಹಿತ್ತಿಲಿಗೆ ಹೊರಟೆ.

"ಎಲ್ಲಿಗಿ ಹೊಂಟಿ? ಗಾಳಿ ಹೊಡೀತೈತಿ ನಿನಗ," ಎಂದು ಅವ್ವ ಕೂಗಿದಳು.

"ನಿನ್ನ ಎಣ್ಣಿ ನನ್ನೊಬ್ಬಾಕಿಗೇ ಯಾಕ ಬೇ? ನನ್ನ ಹೊತ್ತು ಆಕಿ ಡುಬ್ಬಾ ಹೋಗೇತಿ."

"ಅದು ದನಾ. ಒದ್ದೀತು."

"ಒದೀಲಿ."

ಅವ್ವ ಬೈದಳು, ಆದರೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂದೆಯೇ ಬಂದಳು. ನಾನು ಹಳೆಯ ಅರಿವೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಬಿಸಿ ಎಷ್ಟಿದೆ ಎಂದು ಮೊದಲು ನನ್ನ ಕತ್ತಿಗೆ ಹಿಡಿದು ನೋಡಿ, ಕುದುರೆಯ ಬೆನ್ನ ಮೇಲೆ ಇಟ್ಟೆ. ಅದು ಕಿವಿ ಹಿಂದಕ್ಕೆ ಒಗೆದು, ಬೆನ್ನನ್ನು ಕೆಳಗೆ ತಗ್ಗಿಸಿ ಸರಿದು ನಿಂತಿತು. ಜೀನು ಕೂರುವ ಜಾಗದಿಂದ ಹಿಂದಕ್ಕೆ, ಬೆನ್ನುಮೂಳೆಯ ಎರಡೂ ಬದಿಯ ಮಾಂಸ ಬಾವಿಯ ಹಗ್ಗದಷ್ಟು ಬಿಗಿಯಾಗಿತ್ತು. ಗಂಡ ಕೂತಿದ್ದ ಜಾಗದಲ್ಲಿ ಬೆರಳು ತಾಕಿದರೂ ಚರ್ಮ ಅದುರುತ್ತಿತ್ತು. ಆ ದಿನ ನನ್ನ ತೊಡೆಗೆ ತಿಳಿದ ನಡುಕ ಇದೇ. ನಾನು ಅಲ್ಲೇ ಅತ್ತುಬಿಟ್ಟೆ.

ಬರೀ ಕಾವು ಕೊಟ್ಟರೆ ಸಾಕೋ, ಒಳಗೆ ಎಲುಬು ಮುರಿದಿದೆಯೋ ಗೊತ್ತಿರಲಿಲ್ಲ. ದನದ ಡಾಕ್ಟರನ್ನು ಕರೆತರಲೇಬೇಕೆಂದು ಗಂಡನಿಗೆ ಗಂಟು ಬಿದ್ದೆ. ಬಂದವರು ನಡುವಯಸ್ಸಿನ ಡಾಕ್ಟರು, ಮೋಟಾರ್ ಸೈಕಲ್ಲನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು, ಮತ್ತೆ ಬಿದ್ದ ಮಳೆಯ ಕೆಸರು ತುಳಿದು ಬಂದರು. ಬೆನ್ನುದ್ದಕ್ಕೂ ಎರಡು ಬೆರಳು ಇಳಿಸುತ್ತ ಹೋಗಿ, ಹಿಂಗಾಲು ಎತ್ತಿ ನೋಡಿ, ನಡೆಸಿ ನೋಡಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

"ಎಲುಬಿಗೆ ಏನೂ ಆಗಿಲ್ಲ. ಸ್ನಾಯು ಜಗ್ಗಿ ಬಿಗಿದಾವು," ಎಂದರು. ಮೂರು ದಿನಕ್ಕೆ ನೋವಿನ ಪುಡಿ ಕೊಟ್ಟರು. "ಜೀನು ಮಾತ್ರ ಇಡಬ್ಯಾಡ್ರಿ, ನಾ ಹೇಳೂ ತನಕ. ಹಂಗಂತ ಕಟ್ಟಿ ಹಾಕಿ ಬಿಟ್ರೂ ಇನ್ನಷ್ಟು ಬಿಗೀತೈತಿ. ದಿನಾ ಕೈಯಾಗ ಹಿಡಕೊಂಡು ನಡಸ್ರಿ. ಬಿಸಿ ಅರಿವಿ ಇಟ್ಟು, ಮಾಂಸ ಮೆತ್ತಗಾದ ಮ್ಯಾಲ ಅಂಗೈಲೆ ತಿಕ್ಕ್ರಿ. ಮೂಳಿ ಮ್ಯಾಲ ಒತ್ತಬ್ಯಾಡ್ರಿ, ಬದೀಗೆ ಒತ್ರಿ. ಗಂಟು ಸಿಕ್ರ ಗುದ್ದಬ್ಯಾಡ್ರಿ, ಅಲ್ಲೇ ಕೈ ಇಟಗೊಂಡು ನಿಂದ್ರ್ರಿ. ಅದ ಬಿಡ್ತೈತಿ."

"ಬಿಟ್ಟದ್ದು ಹೆಂಗ ಗೊತ್ತಾಕ್ಕೈತ್ರಿ?" ಎಂದು ನಾನು ಬಾಗಿಲ ಹಿಂದಿನಿಂದಲೇ ಕೇಳಿಬಿಟ್ಟೆ. ಗಂಡ ತಿರುಗಿ ನೋಡಿದ.

"ಕುದರೀನ ಹೇಳ್ತೈತವ್ವ. ತಲಿ ಇಳಸ್ತೈತಿ, ತುಟಿ ಜೋತು ಬೀಳ್ತೈತಿ, ಬಾಯಿ ಚಪ್ಪರಸ್ತೈತಿ. ಕೆಲವೊಮ್ಮೆ ಆಕಳಸ್ತೈತಿ."

ಅಂದಿನಿಂದ ಅದು ನನ್ನ ಕೆಲಸವಾಯಿತು. ನನಗೆ ಕಾಸಿದ ನೀರಿನಲ್ಲೇ ಅದಕ್ಕೂ ಪಾಲು. ಅವ್ವ ನನ್ನ ಬೆನ್ನಿಗೆ ಏನು ಮಾಡುತ್ತಿದ್ದಳೋ ಅದನ್ನೇ ನಾನು ಅದರ ಬೆನ್ನಿಗೆ ಮಾಡುತ್ತಿದ್ದೆ. ಅಂಗೈ ಪೂರ್ತಿ ಚಾಚಿ, ಹೆಗಲಿನಿಂದ ಹಿಂಬದಿಯ ಪುಟ್ಟೆಯವರೆಗೆ ನಿಧಾನವಾಗಿ ಎಳೆಯುವುದು. ಆಮೇಲೆ ಅಂಗೈಯ ಬುಡದಿಂದ ಸಣ್ಣ ಸುತ್ತು. ಎಣ್ಣೆ ಹೆಚ್ಚು ಹಚ್ಚಿದರೆ ಧೂಳು ಕಚ್ಚುತ್ತದೆಂದು ಅಂಗೈಗೆ ಸವರಿಕೊಂಡಷ್ಟೇ. ಮೊದಮೊದಲು ಅದು ನನ್ನನ್ನು ಸಹಿಸಿಕೊಂಡಿತಷ್ಟೆ. ಕೆಲವು ದಿನಗಳ ಮೇಲೆ ಒಂದು ಗಂಟಿನ ಮೇಲೆ ಕೈ ಇಟ್ಟು ನಿಂತಿದ್ದಾಗ ನನ್ನ ಕೈಕೆಳಗೆ ಏನೋ ಕರಗಿದಂತೆ ಆಯಿತು. ಕುದುರೆ ಉದ್ದಕ್ಕೆ ಉಸಿರು ಬಿಟ್ಟು, ತಲೆಯನ್ನು ಮೊಣಕಾಲಿನವರೆಗೂ ಇಳಿಸಿ, ದೊಡ್ಡದಾಗಿ ಆಕಳಿಸಿತು. ಅದರ ಹಳದಿ ಹಲ್ಲು, ನಾಲಿಗೆ ಎಲ್ಲ ಕಂಡವು. ನಾನು ನಗುತ್ತ ಅವ್ವನನ್ನು ಕರೆದೆ.

ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಆ ಸಂಜೆ ಮಾವ ಎಂದಿಗಿಂತ ಮುಂಚೆ ಹಟ್ಟಿಯಿಂದ ಬಂದರು. ನಾನು ಕುದುರೆಯ ಬಳಿ ಇರುವುದು ಅವರಿಗೆ ಗೊತ್ತಿರಲಿಲ್ಲ. ನೀರಿನ ಬಕೀಟು ಹಿಡಿದು ಹತ್ತಿರ ಬರುತ್ತಿದ್ದಂತೆ ಕುದುರೆ ತಲೆ ಎತ್ತಿತು. ಕಣ್ಣಿನ ಬಿಳಿ ಕಂಡಿತು. ನಾನು ಬೆಳಿಗ್ಗೆಯಿಂದ ಬಿಡಿಸಿದ ಬೆನ್ನು ನನ್ನ ಕೈಕೆಳಗೇ ಮತ್ತೆ ಬಿಗಿಯಿತು. ಅದು ಹಗ್ಗದ ತುದಿಯವರೆಗೆ ಹಿಂದೆ ಹಿಂದೆ ಸರಿದು ನಿಂತಿತು. ಮಾವ ಬಕೀಟನ್ನು ಅಲ್ಲೇ ಇಟ್ಟರು. ಅವರ ಮುಖ ನೋಡಲು ಆಗಲಿಲ್ಲ.

ಮಾತಾಡಬಾರದೆಂಬ ರೂಢಿ ಆಗ ನನಗೆ ನೆನಪಾಗಲಿಲ್ಲ.

"ನನ್ನಿಂದ ಆತ್ರಿ ಇದು, ಮಾವಾರ," ಎಂದೆ. "ಹಿಂದ ಏರ್ರಿ ಅಂತ ಅವರಿಗೆ ಹೇಳಿದಾಕಿ ನಾನ. ನಿಮ್ಮ ಕುದರಿ ಕೆಡಿಸಿದೆ, ನಿಮ್ಮ ಕಾಲ ಕೆಡಿಸಿದೆ. ನೀವು ಬೈದಿದ್ರ ಛಲೋ ಇತ್ತು."

ಮಾವ ನನ್ನ ಕಡೆ ತಿರುಗದೆ, ಕುದುರೆಯನ್ನೇ ನೋಡುತ್ತ ಹೇಳಿದರು.

"ಅವತ್ತ ದಾರ್ಯಾಗಿನ ಹಳ್ಳದಾಗ ಆಕಿ ನಿಂತಬಿಟ್ಟಿದ್ಳು. ನಿನಗ ಖಬರ ಇರಲಿಲ್ಲ. ಮುಂದ ಹೆಜ್ಜಿ ಕಿತ್ತಲಿಲ್ಲ ಆಕಿ. ಜಗ್ಗಿದೆ, ಬರಲಿಲ್ಲ. ಕೋಲು ತಗೊಂಡು ಮಾರಿ ಮ್ಯಾಲ ಹೊಡದೆ." ಅವರು ತಮ್ಮ ಕೈಯನ್ನು ನೋಡಿಕೊಂಡರು. "ಮರಿ ಇದ್ದಾಗಿಂದ ಸಾಕೇನಿ. ಒಂದ ಏಟು ಹೊಡದಿರಲಿಲ್ಲ. ಅವತ್ತ ಎಷ್ಟ ಹೊಡದೆ ಅಂತ ಲೆಕ್ಕ ಇಲ್ಲ. ಆಕಿ ಬ್ಯಾಡಾ ಬ್ಯಾಡಾ ಅನಕೋತನ ದಾಟಿದ್ಳು. ಈಗ ನನ್ನ ಕೈ ಕಂಡ್ರ ಹೆದರ್ತಾಳ."

ನಾನು ತಿಳಿದಿದ್ದೆಲ್ಲ ತಪ್ಪಾಗಿತ್ತು. ಅವರು ನನ್ನ ಮೇಲೆ ಸಿಟ್ಟಾಗಿರಲಿಲ್ಲ. ಹತ್ತಿರ ಹೋದರೆ ಕುದುರೆಯ ಬೆನ್ನು ಬಿಗಿಯುತ್ತದೆಂದು ದೂರ ನಿಂತಿದ್ದರು. ಇದು ತಿಳಿದು ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಆ ಏಟುಗಳೂ ನನಗಾಗಿಯೇ ಬಿದ್ದವಲ್ಲ ಎಂದು ಇನ್ನಷ್ಟು ಕುಸಿದೆ. ನನ್ನ ಕೂಸು ಒಳಗೆ ಹಾಲಿಗೆ ಅಳುತ್ತಿತ್ತು. ನನ್ನ ರವಿಕೆ ಒದ್ದೆಯಾಗಿತ್ತು.

ಕೈಯಲ್ಲಿದ್ದ ಬಿಸಿ ಅರಿವೆಯನ್ನು ಮಡಚಿ ಬೇವಿನ ಬುಡದ ಕಲ್ಲಿನ ಮೇಲೆ ಇಟ್ಟೆ. "ನೀವ ಇಡ್ರಿ," ಎಂದೆ. "ನಾ ತಲಿ ಹಿಡದಿರ್ತೇನಿ."

"ಬ್ಯಾಡ. ಹೆದರ್ತಾಳ."

"ಹೆದರ್ಲಿ. ನೀವು ದೂರ ಇದ್ರ ಹೆದರಿಕಿ ಹೆಂಗ ಹೋಗಬೇಕ್ರಿ?"

ನಾನು ಗದ್ದಕಟ್ಟಿನ ಹಗ್ಗ ಹಿಡಿದು ಅದರ ಹಣೆಗೆ ಹಣೆ ಹಚ್ಚಿ ನಿಂತೆ. ಮಾವ ಕೋಲನ್ನು ಗೋಡೆಗೆ ಒರಗಿಸಿ, ತಲೆಯ ಪಟಗವನ್ನೂ ತೆಗೆದಿಟ್ಟು, ಬರಿಗೈಯಲ್ಲಿ ಬಂದರು. ಕುದುರೆ ಗಡಗಡ ನಡುಗಿತು. ಅವರು ಅರಿವೆಯನ್ನು ಬೆನ್ನ ಮೇಲೆ ಇಟ್ಟು ಕೈ ತೆಗೆದು ಹಿಂದೆ ಸರಿದರು. ಅಂದು ಅಷ್ಟೇ ಆಯಿತು. ಮರುದಿನ ಇಟ್ಟ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟರು. ಅದರ ಮರುದಿನ ಮೆಲ್ಲಗೆ, "ನಮ್ಮವ್ವ," ಎಂದರು. ಕುದುರೆಯ ಒಂದು ಕಿವಿ ಅವರ ಕಡೆಗೆ ತಿರುಗಿತು.

ಆ ಮೇಲೆ ಇಬ್ಬರೂ ಕೂಡಿ ಮಾಡಿದೆವು. ಬೆನ್ನಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಮಾವ. ಅವರ ಕೈಗೆ ನನಗಿಂತ ಬಲ ಜಾಸ್ತಿ, ಆದರೆ ನನಗಿಂತ ಅಂಜುತ್ತ ಒತ್ತುತ್ತಿದ್ದರು. ಡಾಕ್ಟರು ಎರಡನೆಯ ಸಲ ಬಂದಾಗ ಇನ್ನೊಂದು ವಿದ್ಯೆ ಹೇಳಿಕೊಟ್ಟರು. ಬೆಲ್ಲದ ತುಣುಕನ್ನು ಪಕ್ಕೆಯ ಹತ್ತಿರ ಹಿಡಿದು ಕುದುರೆ ತಾನಾಗಿ ಕುತ್ತಿಗೆ ಬಾಗಿಸುವಂತೆ ಮಾಡುವುದು, ಆಮೇಲೆ ಮುಂಗಾಲುಗಳ ನಡುವೆ ಹಿಡಿದು ತಲೆ ತಗ್ಗಿಸುವಂತೆ ಮಾಡುವುದು. ತಲೆ ತಗ್ಗಿದಾಗ ಬೆನ್ನು ಮೇಲೆ ಏಳುತ್ತದೆ, ಒಳಗಿನ ಬಿಗಿ ಬಿಚ್ಚುತ್ತದೆ. ಎಳೆಯಬಾರದು, ಅದು ಎಷ್ಟು ಬಾಗುತ್ತದೋ ಅಷ್ಟೇ. ಹೊಟ್ಟೆಯ ಕೆಳಗೆ ಬೆರಳ ತುದಿಯಿಂದ ಕೆರೆದರೂ ಅದು ಬೆನ್ನು ಉಬ್ಬಿಸುತ್ತಿತ್ತು. ಸಂಜೆ ಹೊತ್ತು ಮಾವ ಅದನ್ನು ಹಿನ್ನೀರಿನ ಅಂಚಿಗೆ ಕರೆದೊಯ್ದು ಮೊಣಕಾಲುದ್ದ ನೀರಿನಲ್ಲಿ ನಡೆಸುತ್ತಿದ್ದರು. ಕೆಳಗೆ ಗಟ್ಟಿ ಮರಳಿದ್ದ ಜಾಗ ಹುಡುಕಿದ್ದರು. ತಾವೂ ನೀರಿಗೆ ಇಳಿಯುತ್ತಿದ್ದರು. ತಮ್ಮ ಮೊಣಕಾಲಿಗೂ ಹಿತ ಅನ್ನಿಸುತ್ತದೆ ಎಂದು ಗಂಡನ ಮುಂದೆ ಹೇಳಿದ್ದರಂತೆ.

ಜೀನನ್ನು ಅಟ್ಟದಿಂದ ಇಳಿಸಿದ್ದೂ ಆಗಲೇ. ಮಗುಚಿ ನೋಡಿದರೆ ಒಳಗೆ ತುಂಬಿದ್ದ ಅರಳೆ ಒಂದು ಕಡೆ ಗಂಟುಗಟ್ಟಿ, ಇನ್ನೊಂದು ಕಡೆ ಖಾಲಿಯಾಗಿತ್ತು. ಬಹಳ ವರ್ಷದ ಜೀನು ಅದು. "ಮೊದಲಿನಿಂದಾನೂ ಒತ್ತತಿದ್ದೀತು," ಎಂದು ಡಾಕ್ಟರು ಹೇಳಿದಾಗ ಅವ್ವ ನನ್ನ ಕಡೆ ನೋಡಿ, ಕೇಳಿಸಿಕೊಂಡೆಯಾ ಎಂಬಂತೆ ಕಣ್ಣು ಮಾಡಿದಳು. ನಾನು ಕೇಳಿಸಿಕೊಂಡೆ. ಆದರೂ ಆ ಕೆಸರು ದಾಟುವ ತನಕ ಕುದುರೆ ಸರಿಯಾಗಿಯೇ ಇತ್ತಲ್ಲ. ಅವ್ವ ಜೀನನ್ನು ಬಿಚ್ಚಿ ಹೊಸ ಅರಳೆ ತುಂಬಿದಳು, ನನ್ನ ನಡುಕಟ್ಟಿನ ಸೀರೆಯನ್ನು ಪದರ ಪದರ ಮಡಚಿ ಹೊಲಿದು ಕೆಳಗೆ ಹಾಕಲು ದಪ್ಪ ಹಾಸು ಮಾಡಿಕೊಟ್ಟಳು. ಮಾಡಿ ಮುಗಿಸಿ ಬನಹಟ್ಟಿಗೆ ಹೊರಟಳು. ಹೋಗುವಾಗ ಮಗಳಿಗೆ ಮುತ್ತು ಕೊಟ್ಟಂತೆ ಕುದುರೆಯ ಮೂಗನ್ನೂ ಒಮ್ಮೆ ಸವರಿದಳು.

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಡಾಕ್ಟರು ಹೂಂ ಅಂದರು. ಹಗುರಾಗಿ, ಸ್ವಲ್ಪ ದೂರ ಮಾತ್ರ. ಆ ಬೆಳಿಗ್ಗೆ ನಾನು ಕೂಸನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತೆ. ಮಾವ ಜೀನನ್ನು ಇಟ್ಟರು. ಕುದುರೆ ಹಿಂದೆ ತಿರುಗಿ ನೋಡಿತು, ಕುಸಿಯಲಿಲ್ಲ. ಪಟ್ಟಿಯನ್ನು ಒಮ್ಮೆಗೇ ಬಿಗಿಯದೆ ತಡೆದು ತಡೆದು ಬಿಗಿದರು. ಜೋತು ಬಿಟ್ಟ ರಿಕೀಬಿಗೆ ಕಾಲಿಟ್ಟು ಜಗ್ಗಿ ಏರಿದರೆ ಬೆನ್ನು ಒಂದು ಕಡೆ ಎಳೆಯುತ್ತದೆಂದು ಒರಳುಕಲ್ಲಿನ ಮೇಲೆ ನಿಂತು ಏರಿದರು. ಗಂಡ ತಲೆ ಹಿಡಿದಿದ್ದ. ಕುದುರೆ ಹೊರಟಿತು. ಹೆಜ್ಜೆ ಉದ್ದವಾಗಿಯೇ ಬೀಳುತ್ತಿತ್ತು. ನನಗೆ ಎದೆ ತುಂಬಿ ಬಂತು.

ಮರಡಿಯ ಏರು ಶುರುವಾಗುವಲ್ಲಿ ಮಾವ ಇಳಿದರು. ದೂರದಿಂದ ನೋಡುತ್ತಿದ್ದೆ. ಏರಿನಲ್ಲಿ ಅದಕ್ಕೆ ಹಿಂಗಾಲಿನ ಬಲ ಬೇಕು, ಬೆನ್ನಿಗೆ ಭಾರ ಬೀಳುತ್ತದೆ. ಅವರು ಲಗಾಮನ್ನು ಕೈಗೆ ಸುತ್ತಿಕೊಂಡು ಅದರ ಪಕ್ಕದಲ್ಲಿ ಕುಂಟುತ್ತ ಏರಿದರು.

ಅಂದಿನಿಂದ ಅದೇ ರೂಢಿಯಾಯಿತು. ಸಮ ನೆಲದಲ್ಲಿ ಏರುವುದು, ಏರು ಇಳಿಜಾರಿನಲ್ಲಿ ಇಳಿದು ನಡೆಯುವುದು. ಮಳೆ ಚಳಿಯಲ್ಲಿ ಬೆನ್ನು ಮತ್ತೆ ಹಿಡಿಯುತ್ತಿತ್ತು, ಆಗ ಪೂರ್ತಿ ಬಿಡುವು. ಪೂರ್ತಿ ಗುಣ ಎಂದು ಡಾಕ್ಟರು ಯಾವತ್ತೂ ಹೇಳಲಿಲ್ಲ. ಒಂದೆರಡು ವರ್ಷದಲ್ಲಿ ಮಾವ ಹಿಂಡಿನ ದೊಡ್ಡ ಪಾಲನ್ನು ಹಟ್ಟಿಯಲ್ಲೇ ಇರುತ್ತಿದ್ದ ತಮ್ಮನಿಗೆ ಒಪ್ಪಿಸಿದರು. ಮನೆಯ ಹತ್ತಿರ ಮೇಯುವಷ್ಟು ಮಾತ್ರ ಉಳಿಸಿಕೊಂಡರು. ವಯಸ್ಸಾಯಿತು, ಸಾಕು, ಎಂದು ಎಲ್ಲರಿಗೂ ಹೇಳಿದರು. ಆಗೊಮ್ಮೆ ಈಗೊಮ್ಮೆ ಹಟ್ಟಿಯಲ್ಲೇ ಉಳಿದು ರಾತ್ರಿ ಬೆಂಕಿ ಹಾಕಿ ಡೊಳ್ಳಿನ ಪದ ಹಾಡುವುದೆಂದರೆ ಅವರಿಗೆ ಜೀವ. ಅದು ತಪ್ಪಿತು. ಅವರು ತಮ್ಮ ಬದುಕನ್ನು ಆ ಬೆನ್ನಿಗೆ ತಡೆಯುವಷ್ಟಕ್ಕೆ ಇಳಿಸಿಕೊಂಡರು ಎಂಬುದು ನನಗೆ ಗೊತ್ತಿತ್ತು. ಅದಕ್ಕೆ ನಾನು ಕಾರಣಳಲ್ಲ ಎಂದು ಗಂಡ ಹೇಳುತ್ತಿದ್ದ, ಅವ್ವ ಹೇಳುತ್ತಿದ್ದಳು. ಮಗಳು ಅಂಗಳದಲ್ಲಿ ಕುಣಿಯುವುದನ್ನು ನೋಡುವಾಗಲೆಲ್ಲ ನನಗೆ ಸಂತೋಷ ಮೊದಲು, ಹಿಂದೆಯೇ ಆ ಏಟುಗಳು. ನಾನು ಕಾಣದ ಏಟುಗಳು, ಅದಕ್ಕೇ ಬೇಕಾದಷ್ಟು ಸಲ ಕಾಣುತ್ತಿದ್ದವು.

ಒಂದು ಒಳ್ಳೆಯದಾಯಿತು. ಮಾವ ನನ್ನೊಂದಿಗೆ ಮಾತಾಡತೊಡಗಿದರು. ಬೇರೆಲ್ಲೂ ಅಲ್ಲ, ಕುದುರೆಯ ಬೆನ್ನು ತಿಕ್ಕುವಾಗ ಮಾತ್ರ. ನಡುವೆ ಕುದುರೆ ಅಡ್ಡ ಇರುವುದರಿಂದ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಅತ್ತೆಯ ಬಗ್ಗೆ ಹೇಳಿದರು. ಅವರು ಸಾಯುವಾಗ ತಾವು ಹಟ್ಟಿಯಲ್ಲಿದ್ದದ್ದು ಹೇಳಿದರು. "ಅವತ್ತ ಮನಿ ಮುಟ್ಟಲಿಲ್ಲ ನಾ. ನಿನ್ನರೆ ದವಾಖಾನಿ ಮುಟ್ಟಸಬೇಕಿತ್ತು," ಎಂದರು ಒಮ್ಮೆ. ನಾನು ಕೈ ನಿಲ್ಲಿಸದೆ ತಿಕ್ಕುತ್ತಲೇ ಇದ್ದೆ.

ಹೊಸ ದಾರಿಗೆ ಡಾಂಬರು ಬಿತ್ತು. ಬಸ್ಸು ಬಂತು. ಗಂಡ ಮೋಟಾರ್ ಸೈಕಲ್ ಕೊಂಡ. ಅಷ್ಟರಲ್ಲಿ ಮಾವ ಕುದುರೆ ಏರುವುದನ್ನು ಪೂರ್ತಿ ಬಿಟ್ಟಿದ್ದರು. ಆದರೂ ಅದು ಬೇವಿನ ಕೆಳಗೇ ಇತ್ತು, ಮೇವು ನೀರು ಕಾವು ಎಲ್ಲ ಮೊದಲಿನಂತೆಯೇ. ಒಮ್ಮೆ ಸಾವಳಗಿಯ ಬೀಗರೊಬ್ಬರು ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, "ಏರೂದಿಲ್ಲ, ಇಳಿಯೂದಿಲ್ಲ. ಸುಮ್ನ ಮೇಯಸ್ತೀರಲ್ಲ, ಯಾರಿಗರೆ ಕೊಟ್ಟಬಿಡಬಾರ್ದ?" ಎಂದು ಕೇಳಿದರು.

"ಆಕಿ ದುಡಿಮಿ ಆಗೇತ್ರಿ," ಎಂದರು ಮಾವ.

"ಏನ್ ದುಡದೈತಿ ಅಂತೀನಿ?"

ಮಾವ ಅಂಗಳದಲ್ಲಿ ಆಡುತ್ತಿದ್ದ ನನ್ನ ಮಗಳ ಕಡೆ ಒಮ್ಮೆ ನೋಡಿ, ಬೀಗರ ತಟ್ಟೆಗೆ ಇನ್ನಷ್ಟು ಚುರುಮುರಿ ಸುರಿದರು.

ನಾನು ಒಳಗೆ ಬಾಗಿಲಿಗೆ ಎದುರಾಗಿ ಕೂತು ರೊಟ್ಟಿ ಬಡಿಯುತ್ತಿದ್ದೆ. ದುಡಿಮೆ ಆಗಿದೆ ಎಂಬ ಆ ಮಾತು ನನಗೆ ಕೇಳಿಸಲೆಂದೇ ಮಾವ ಸ್ವಲ್ಪ ಗಟ್ಟಿಯಾಗಿ ಹೇಳಿದರೋ ಏನೋ. ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದುಕೊಂಡು ಕೂತೆ. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು.